ನಾಯಿಗೆ ಹಾಕುವ ಅನ್ನ: ಅಳತೆ ಮತ್ತು ಆರೈಕೆ

(ದತ್ತಿ ಉಪನ್ಯಾಸದ ಪರಿಷ್ಕೃತ ಪಠ್ಯ)



ದತ್ತಿ ಉಪನ್ಯಾಸಕ್ಕೆ ನಾಯಿಯ ಊಟವೂ ಒಂದು ವಿಷಯವೇ ಎಂದು ಆಹ್ವಾನ ಪತ್ರಿಕೆ ನೋಡಿದ ಗೆಳೆಯರೊಬ್ಬರು ನಕ್ಕರು. ಕನ್ನಡ ನಾಡಿನಲ್ಲಿ ನಾಯಿಗಾಗಿ ದತ್ತಿ ಬಿಟ್ಟು ಸಾವಿರ ವರ್ಷದ ಮೇಲಾಯಿತು ಎಂದು ಅವರಿಗೆ ನೆನಪಿಸಿದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಶಕ ವರ್ಷ 872ರದ್ದು, ಅಂದರೆ ಕ್ರಿ.ಶ. 949–50ರ ಕಾಲದ್ದು. ಗಂಗರ ಬೂತುಗನ ಕಡೆಯ ಮಣಲೆರ ಎಂಬ ವೀರ ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ. ಮೆಚ್ಚಿದ ಒಡೆಯ ‘ಏನು ಬೇಕೋ ಕೇಳು’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರೊಡನೆ ಸೆಣಸಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆ ನಡೆದುಕೊಂಡು ಹೋಗಲೆಂದು ಭೂಮಿ ಬಿಟ್ಟರು. ನಾಯಿ ಮತ್ತು ಹಂದಿಯ ಕಾದಾಟವನ್ನು ಕೆತ್ತಿದ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಸತ್ತ ನಾಯಿಗೆ ಕಲ್ಲು ನಿಲ್ಲಿಸಿದ ನಾಡು ಬದುಕಿರುವ ನಾಯಿಗೆ ಏನು ಹಾಕುತ್ತದೆ ಎನ್ನುವುದು ನನ್ನ ಇಂದಿನ ಪ್ರಶ್ನೆ. ಪಶುವೈದ್ಯನಾಗಿ ನಾನು ಕಂಡ ರೋಗಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಹಸಿವಿನಿಂದ ಸೊರಗಿದವು ಒಂದು. ಅಕ್ಕರೆ ಅತಿಯಾಗಿ ಕೆಟ್ಟವು ಇನ್ನೊಂದು. ಇತ್ತೀಚಿನ ವರ್ಷಗಳಲ್ಲಿ ಎರಡನೆಯ ಬಗೆಯೇ ಹೆಚ್ಚುತ್ತಿದೆ. ನಾನು ಹೇಳಬೇಕೆಂದಿರುವುದು ಇಷ್ಟು: ನಮ್ಮ ಅಡುಗೆಮನೆಯಿಂದಲೇ ನಾಯಿಯನ್ನು ಆರೋಗ್ಯವಾಗಿ ಸಾಕಬಹುದು, ಆದರೆ ನಮ್ಮ ಎಲೆಯಲ್ಲಿ ಉಳಿದದ್ದರಿಂದ ಸಾಕಲಾಗದು. ಅಡುಗೆಮನೆಗೂ ಎಂಜಲೆಲೆಗೂ ಇರುವ ಈ ಅಂತರ ತಿಳಿದರೆ ಆಸ್ಪತ್ರೆಯ ಅರ್ಧ ಓಡಾಟ ತಪ್ಪುತ್ತದೆ. ಉಳಿದರ್ಧವನ್ನು ಸಕಾಲದ ಲಸಿಕೆ ಮತ್ತು ದಿನವೂ ನಾಯಿಯ ಮೈ ಮುಟ್ಟಿ ನೋಡುವ ಅಭ್ಯಾಸ ತಪ್ಪಿಸುತ್ತವೆ.

ಮುದ್ದೆಗೆ ಒಗ್ಗಿದ ಹೊಟ್ಟೆ

‘ನಾಯಿ ತೋಳದ ಜಾತಿ, ಅದಕ್ಕೆ ಹಸಿ ಮಾಂಸವೇ ಆಗಬೇಕು, ಅನ್ನ ಮುದ್ದೆ ಹಾಕಿದರೆ ತಪ್ಪು’ ಎಂಬ ಮಾತು ಈಗ ಪಟ್ಟಣಗಳಲ್ಲಿ ಬಹಳ ಕೇಳಿಬರುತ್ತಿದೆ. 2013ರಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ನಾಯಿ ಮತ್ತು ತೋಳದ ವಂಶವಾಹಿಗಳನ್ನು ಹೋಲಿಸಿ ನೋಡಿದರು. ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ ಎರಡೇ ಪ್ರತಿ ಇದ್ದರೆ, ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇತ್ತು. ಮನುಷ್ಯ ಬೇಸಾಯಕ್ಕೆ ಇಳಿದು, ಕಾಳು ಬೇಯಿಸಿ ತಿನ್ನತೊಡಗಿದ ಮೇಲೆ ಅವನ ಬಾಗಿಲಲ್ಲಿ ಕಾದು ಕುಳಿತ ಪ್ರಾಣಿಯ ಹೊಟ್ಟೆಯೂ ಕಾಳಿಗೆ ಒಗ್ಗಿತು. ಆದ್ದರಿಂದ ರಾಗಿಮುದ್ದೆ, ಜೋಳದ ನುಚ್ಚು, ಅನ್ನ ಇವು ನಾಯಿಗೆ ಪರಕೀಯವಲ್ಲ. ಒಂದು ಎಚ್ಚರ ಮಾತ್ರ ಬೇಕು. ನಮ್ಮ ಹಾಗೆ ನಾಯಿಯ ಜೊಲ್ಲಿನಲ್ಲಿ ಪಿಷ್ಟ ಕರಗಿಸುವ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಆ ಕೆಲಸವೆಲ್ಲ ಮೇದೋಜೀರಕ ಗ್ರಂಥಿಯದು. ಹಾಗಾಗಿ ಕಾಳು ಚೆನ್ನಾಗಿ ಬೆಂದಿರಬೇಕು, ಮೆತ್ತಗಾಗಿರಬೇಕು.

ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯನ್ನು ನೋಡಿ. ಘೋರ್ಪಡೆ ಅರಸರು ಪೋಷಿಸಿದ, ಇಂಗ್ಲೆಂಡಿನ ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿ ಹೋದ, 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ, ಆಮೇಲೆ ಭಾರತೀಯ ಸೇನೆಯ ತರಬೇತಿಗೂ ಸೇರಿದ ತಳಿ ಇದು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದಕ್ಕೆಂದೇ ಕೆಲಸ ಮಾಡುತ್ತಿದೆ. ಈ ನಾಯಿಯನ್ನು ತಲೆಮಾರುಗಳಿಂದ ಸಾಕಿದ ರೈತರು ಹಾಕಿದ್ದು ಜೋಳ, ಗೋಧಿ, ಬೇಳೆ, ಹಾಲು, ಸಿಕ್ಕಾಗ ಮೊಟ್ಟೆ ಅಥವಾ ಮಾಂಸ. ಹೊಲದಲ್ಲಿ ಮೊಲದ ಬೆನ್ನು ಹತ್ತಿ ಓಡಿದ ನಾಯಿಗೆ ಅಷ್ಟರಲ್ಲೇ ಮೈ ಗಟ್ಟಿಯಾಗಿತ್ತು. ಇದೇ ನಾಯಿ ಬೆಂಗಳೂರಿನ ಮೂರನೆಯ ಮಹಡಿಗೆ ಬಂದರೆ ಎರಡು ತಪ್ಪು ನಡೆಯುತ್ತವೆ. ಹಿಂದಿನ ಪಕ್ಕೆಲುಬು ಕಾಣುವುದು ಆ ತಳಿಯ ಸಹಜ ಮೈಕಟ್ಟು. ‘ಅಯ್ಯೋ, ಎಲುಬು ಕಾಣುತ್ತಿದೆ’ ಎಂದು ಹೊಸ ಯಜಮಾನರು ತಿನ್ನಿಸುತ್ತಲೇ ಹೋಗುತ್ತಾರೆ. ಎರಡನೆಯದು, ಅದಕ್ಕೆ ಓಡಲು ಜಾಗವಿರುವುದಿಲ್ಲ.

ತಟ್ಟೆಯ ಲೆಕ್ಕ

ನಾಯಿಗೆ ಎಷ್ಟು ಹಾಕಬೇಕು? ‘ಅದು ತಿನ್ನುವಷ್ಟು’ ಎನ್ನುವುದು ನಾನು ಅತಿ ಹೆಚ್ಚು ಕೇಳಿರುವ ಉತ್ತರ, ಅತಿ ಹೆಚ್ಚು ಕೆಡುಕು ಮಾಡುವ ಉತ್ತರವೂ ಅದೇ. 2016ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಲ್ಯಾಬ್ರಡಾರ್ ತಳಿಯಲ್ಲಿ ಒಂದು ಜೀನ್ ದೋಷ ಗುರುತಿಸಿದರು. ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್ರಡಾರ್‌ನಲ್ಲಿ ಅದು ಇರುತ್ತದೆ. ಅದು ಇರುವ ನಾಯಿಗೆ ಊಟದ ಮೇಲಿನ ಆಸೆ ಉಳಿದವಕ್ಕಿಂತ ಹೆಚ್ಚು. ಅಂಥ ನಾಯಿಯ ಕಣ್ಣನ್ನು ನಂಬಿ ತಟ್ಟೆ ತುಂಬಿಸಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ. ಇದು ಉತ್ಪ್ರೇಕ್ಷೆಯಲ್ಲ. 48 ಲ್ಯಾಬ್ರಡಾರ್ ಮರಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದರ ಊಟಕ್ಕಿಂತ ಶೇ. 25ರಷ್ಟು ಕಡಿಮೆ ಹಾಕಿ ಜೀವನಪೂರ್ತಿ ನಡೆಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಕಡಿಮೆ ಉಂಡವುಗಳ ಮಧ್ಯಕ ಆಯುಷ್ಯ 13 ವರ್ಷ, ಹೆಚ್ಚು ಉಂಡವುಗಳದ್ದು 11.2 ವರ್ಷ. ಕಡಿಮೆ ಉಂಡವುಗಳಿಗೆ ಕೀಲುನೋವು ಬಂದದ್ದೂ ತಡವಾಗಿ. ಯಾವ ಟಾನಿಕ್ಕೂ ಕೊಡದ ಹೆಚ್ಚುವರಿ ಆಯುಷ್ಯವನ್ನು ಒಂದು ಸೌಟು ಕಡಿಮೆ ಬಡಿಸುವುದರಿಂದ ಕೊಡಬಹುದು.

ವಿಶ್ರಾಂತಿಯಲ್ಲಿರುವ ನಾಯಿಗೆ ಬೇಕಾದ ಶಕ್ತಿಯನ್ನು ಅದರ ತೂಕದಿಂದ ಲೆಕ್ಕ ಹಾಕುವ ಸೂತ್ರವೊಂದಿದೆ. 10 ಕಿಲೋ ನಾಯಿಗೆ ಅದು ಸುಮಾರು 400 ಕಿಲೋಕ್ಯಾಲೊರಿ, 20 ಕಿಲೋ ನಾಯಿಗೆ ಸುಮಾರು 660. ಗಮನಿಸಿ, ತೂಕ ಎರಡು ಪಟ್ಟಾದರೂ ಊಟ ಎರಡು ಪಟ್ಟಾಗುವುದಿಲ್ಲ. ದಿನನಿತ್ಯದ ಓಡಾಟ ಸೇರಿಸಿ ವಯಸ್ಕ ನಾಯಿಗೆ ಇದರ ಒಂದೂವರೆ ಪಟ್ಟಿನ ಆಸುಪಾಸು ಸಾಕು; ಬೆಳೆಯುವ ಮರಿಗೆ ಎರಡರಿಂದ ಮೂರು ಪಟ್ಟು ಬೇಕು. ಸಂತಾನಹರಣ ಚಿಕಿತ್ಸೆಯಾದ ನಾಯಿಗೆ ಶಕ್ತಿಯ ಅಗತ್ಯ ಸುಮಾರು ಕಾಲು ಭಾಗ ಇಳಿಯುತ್ತದೆ, ಹಸಿವು ಮಾತ್ರ ಇಳಿಯುವುದಿಲ್ಲ. ‘ಆಪರೇಷನ್ ಮಾಡಿಸಿದ ಮೇಲೆ ದಪ್ಪವಾಯಿತು’ ಎಂಬ ದೂರಿಗೆ ಕಾರಣ ಶಸ್ತ್ರಚಿಕಿತ್ಸೆಯಲ್ಲ, ಆಮೇಲೂ ಬದಲಾಗದ ತಟ್ಟೆ.

2025ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಸುಮಾರು 5,000 ಬೀದಿನಾಯಿಗಳಿಗೆ ಕೋಳಿಮಾಂಸ ಬೆರೆಸಿದ ಅನ್ನ ಹಾಕುವ ಯೋಜನೆ ಪ್ರಕಟಿಸಿದಾಗ ಊರೆಲ್ಲ ತಮಾಷೆ ಮಾಡಿತು, ಸಿಟ್ಟೂ ಮಾಡಿಕೊಂಡಿತು. ಖರ್ಚಿನ ವಾದ ಬೇರೆ. ನಾಯಿಯೊಂದಕ್ಕೆ ದಿನಕ್ಕೆ ಸುಮಾರು 750 ಕಿಲೋಕ್ಯಾಲೊರಿ ಎಂದು ಅವರು ಹಾಕಿದ ಲೆಕ್ಕವಂತೂ ಪಶುವೈದ್ಯರ ಕಣ್ಣಿಗೆ ಸರಿಯಾಗಿತ್ತು. 15 ಕಿಲೋ ತೂಗುವ ನಮ್ಮ ನಾಡನಾಯಿಗೆ ಅಷ್ಟೇ ಬೇಕು.

ಅದನ್ನೇ ಮನೆಯ ಅಡುಗೆಗೆ ಇಳಿಸೋಣ. 15 ಕಿಲೋ ನಾಯಿಯ ಒಂದು ದಿನದ ಊಟ: ಬೆಂದ ಅನ್ನ 200 ಗ್ರಾಂ, ಮೂಳೆ ತೆಗೆದು ಬೇಯಿಸಿದ ಕೋಳಿಮಾಂಸ 150 ಗ್ರಾಂ, ಬೇಯಿಸಿದ ಮೊಟ್ಟೆ ಒಂದು, ಮೆತ್ತಗೆ ಬೆಂದ ಬೇಳೆ ಒಂದು ಸಣ್ಣ ಬಟ್ಟಲು, ಕುಂಬಳಕಾಯಿ ಅಥವಾ ಕ್ಯಾರೆಟ್ ಒಂದು ಹಿಡಿ, ಎಣ್ಣೆ ಒಂದು ಟೀ ಚಮಚ. ಉಪ್ಪು, ಖಾರ, ಒಗ್ಗರಣೆ ಇಲ್ಲ. ಇದನ್ನು ಎರಡು ಹೊತ್ತಿಗೆ ಹಂಚಿ. ದಿನಕ್ಕೊಂದೇ ಸಲ ರಾಶಿ ಹಾಕಿದರೆ, ಉಂಡ ಕೂಡಲೇ ಓಡಿಸಿದರೆ, ಮುಧೋಳ, ಜರ್ಮನ್ ಶೆಫರ್ಡ್‌ನಂಥ ಆಳವಾದ ಎದೆಯ ನಾಯಿಗಳಲ್ಲಿ ಜಠರ ಉಬ್ಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಅದಾದರೆ ಉಳಿಸಲು ಕೆಲವೇ ಗಂಟೆಗಳಿರುತ್ತವೆ.

ಸಸ್ಯಾಹಾರಿ ಮನೆಯಲ್ಲಿ ನಾಯಿ ಸಾಕಬಹುದೇ ಎಂದು ಸಭೆಗಳಲ್ಲಿ ತಪ್ಪದೆ ಕೇಳುತ್ತಾರೆ. ಬೆಕ್ಕನ್ನು ಸಸ್ಯಾಹಾರದಲ್ಲಿ ಸಾಕಬಾರದು. ನಾಯಿ ಮಿಶ್ರಾಹಾರಿ; ಮೊಸರು, ಪನೀರ್, ಬೇಳೆ, ಸೋಯಾ, ಒಪ್ಪುವುದಾದರೆ ಮೊಟ್ಟೆ, ಇವನ್ನು ಸೇರಿಸಿ ವೈದ್ಯರ ಸಲಹೆಯಂತೆ ಊಟ ಹೊಂದಿಸಿದರೆ ಅದು ಬದುಕುತ್ತದೆ. ಬರೀ ಹಾಲನ್ನದಲ್ಲಿ ಬದುಕುವುದಿಲ್ಲ. ಬೆಳೆದ ನಾಯಿಯ ಹೊಟ್ಟೆಯಲ್ಲಿ ಹಾಲಿನ ಸಕ್ಕರೆಯನ್ನು ಒಡೆಯುವ ಶಕ್ತಿ ತಗ್ಗಿರುತ್ತದೆ. ಹೆಚ್ಚು ಹಾಲು ಕುಡಿದರೆ ಭೇದಿಯಾಗುತ್ತದೆ. ಮೊಸರು ಅಷ್ಟು ತೊಂದರೆ ಕೊಡದು.

ಪ್ಯಾಕೆಟ್ ಆಹಾರ ಕೊಳ್ಳುವವರು ಅದರ ಮೇಲೆ ‘ಸಂಪೂರ್ಣ ಮತ್ತು ಸಮತೋಲಿತ’ ಎಂದಿದೆಯೇ, ಯಾವ ವಯಸ್ಸಿನ ನಾಯಿಗೆ ಎಂದಿದೆಯೇ ನೋಡಿ ಕೊಳ್ಳಿ. ಒಣ ಆಹಾರದ 100 ಗ್ರಾಂನಲ್ಲಿ ಸುಮಾರು 350 ಕಿಲೋಕ್ಯಾಲೊರಿ ಇರುತ್ತದೆ. ಹೊಟ್ಟೆ ತುಂಬ ಪ್ಯಾಕೆಟ್ ಊಟವಾದ ಮೇಲೆ ಮತ್ತೆ ಅನ್ನ, ಅದರ ಮೇಲೆ ಬಿಸ್ಕತ್ತು ಎಂದರೆ ನಾಯಿ ಎರಡು ಮನೆಯ ಊಟ ಉಂಡಂತೆ. ಗ್ಲೂಕೋಸ್ ಬಿಸ್ಕತ್ತು ಮೈದಾ ಮತ್ತು ಸಕ್ಕರೆ. ಅದರಲ್ಲಿ ನಾಯಿಗೆ ಬೇಕಾದಷ್ಟು ಪ್ರೋಟೀನ್ ಇಲ್ಲ.

ಕೊರತೆ ಎಲ್ಲಿ

ಮನೆ ಅಡುಗೆಯನ್ನು ಹೊಗಳಿದ ಮೇಲೆ ಅದರ ಕುಂದನ್ನೂ ಹೇಳಬೇಕು. ಅಮೆರಿಕದ ಡೇವಿಸ್ ಪಶುವೈದ್ಯಕೀಯ ಶಾಲೆಯವರು 2013ರಲ್ಲಿ ಪುಸ್ತಕ ಮತ್ತು ಅಂತರ್ಜಾಲದಲ್ಲಿ ಸಿಗುವ 200 ಮನೆ ಅಡುಗೆಯ ಪಾಕಗಳನ್ನು ಪರಿಶೀಲಿಸಿದರು. ಶೇ. 95ರಷ್ಟರಲ್ಲಿ ಒಂದಲ್ಲ ಒಂದು ಪೋಷಕಾಂಶ ಕಡಿಮೆ ಬಿದ್ದಿತ್ತು. ನಾನು ಈಗ ಹೇಳಿದ ತಟ್ಟೆಯೂ ಅದಕ್ಕೆ ಹೊರತಲ್ಲ. ಅದರಲ್ಲಿ ದೊಡ್ಡ ಕೊರತೆ ಕ್ಯಾಲ್ಸಿಯಂನದು.

ಮೂಳೆ ತೆಗೆದ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹತ್ತು ಪಟ್ಟಿಗೂ ಹೆಚ್ಚಿರುತ್ತದೆ. ನಾಯಿಗೆ ಬೇಕಾದ್ದು ರಂಜಕಕ್ಕಿಂತ ತುಸು ಹೆಚ್ಚು ಕ್ಯಾಲ್ಸಿಯಂ. ಊಟದಲ್ಲಿ ಸಿಗದ ಕ್ಯಾಲ್ಸಿಯಂ ಅನ್ನು ದೇಹ ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಬರೀ ಕೋಳಿ ಮತ್ತು ಅನ್ನ ಉಂಡು ಮುಂಗಾಲು ಬಿಲ್ಲಿನಂತೆ ಬಾಗಿದ ಮರಿಗಳು, ಸೋಫಾದಿಂದ ಇಳಿಯುವಾಗ ತೊಡೆಮೂಳೆ ಮುರಿದುಕೊಂಡ ಮರಿಗಳು ಯಾವ ಪಶುವೈದ್ಯನಿಗೂ ಹೊಸದಲ್ಲ. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಗಿಂತ ಅದೆಷ್ಟೋ ಮೇಲು. ಆದರೆ ಅದರಲ್ಲಿರುವ ಫೈಟೇಟ್ ಅಂಶ ಅಷ್ಟನ್ನೂ ಮೈಗೆ ಹತ್ತಲು ಬಿಡುವುದಿಲ್ಲ. ಸುಲಭದ ದಾರಿ ಮೊಟ್ಟೆಯ ಚಿಪ್ಪು. ತೊಳೆದು, ಕುದಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಿದರೆ ಅರ್ಧ ಟೀ ಚಮಚದಲ್ಲಿ ಸುಮಾರು ಒಂದು ಗ್ರಾಂ ಕ್ಯಾಲ್ಸಿಯಂ ದೊರೆಯುತ್ತದೆ. 15 ಕಿಲೋ ನಾಯಿಗೆ ದಿನಕ್ಕೆ ಅಷ್ಟು ಸಾಕು. ದೊಡ್ಡ ತಳಿಯ ಮರಿಗಳಿಗೆ ಇದನ್ನು ಸ್ವಂತ ಬುದ್ಧಿಯಿಂದ ಸುರಿಯಬೇಡಿ. ಅವುಗಳಲ್ಲಿ ಕ್ಯಾಲ್ಸಿಯಂ ಹೆಚ್ಚಾದರೂ ಮೂಳೆ ಕೆಡುತ್ತದೆ.

‘ಬೆಳಗಿನ ಬಿಸಿಲಿಗೆ ಕಟ್ಟುತ್ತೇವೆ ಸಾರ್, ಡಿ ವಿಟಮಿನ್ ಬರುತ್ತದೆ’ ಎನ್ನುತ್ತಾರೆ ಹಲವರು. ಮನುಷ್ಯರ ಚರ್ಮದ ಈ ಗುಣ ನಾಯಿಯ ಚರ್ಮಕ್ಕೆ ಇಲ್ಲವೆನ್ನಬಹುದು. ಅದು ವಿಟಮಿನ್ ಡಿಯನ್ನು ಊಟದಿಂದಲೇ ಪಡೆಯಬೇಕು. ಸತು, ತಾಮ್ರ, ಅಯೋಡಿನ್ ಕೂಡ ಮನೆ ಊಟದಲ್ಲಿ ಕಡಿಮೆ ಬೀಳುವಂಥವೇ. ಆದ್ದರಿಂದ ಪೂರ್ತಿ ಮನೆಯಡುಗೆಯ ಮೇಲೆ ಸಾಕುವವರು ವೈದ್ಯರಿಂದ ಒಂದು ಪೂರಕ ಪುಡಿ ಬರೆಸಿಕೊಳ್ಳಬೇಕು. ಅದು ಶೋಕಿಯಲ್ಲ, ಊಟದ ಭಾಗ.

ಹಬ್ಬದ ಅಡುಗೆ, ನಾಯಿಗೆ ವಿಷ

ಎಂಜಲು ಹಾಕಬೇಡಿ ಎಂದದ್ದಕ್ಕೆ ಮುಖ್ಯ ಕಾರಣ ನಮ್ಮ ಅಡುಗೆಯ ರುಚಿಯಲ್ಲೇ ಇದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೆಂದರೂ ಒಣಗಿದರೂ ಪುಡಿಯಾದರೂ ಆ ಗುಣ ಹೋಗದು. ಹಸಿವಿಗೆ ಒಂದು ದಿನ ಸಾಂಬಾರಿನನ್ನ ತಿಂದರೆ ಏನೂ ಕಾಣಿಸದೆ ಇರಬಹುದು. ದಿನವೂ ತಿಂದ ನಾಯಿ ನಿಧಾನವಾಗಿ ರಕ್ತಹೀನವಾಗುತ್ತದೆ. ದ್ರಾಕ್ಷಿ ಮತ್ತು ಒಣದ್ರಾಕ್ಷಿ ಕೆಲವು ನಾಯಿಗಳ ಮೂತ್ರಪಿಂಡವನ್ನೇ ನಿಲ್ಲಿಸಿಬಿಡುತ್ತವೆ. ಯಾವ ನಾಯಿಗೆ ಎಷ್ಟು ತಿಂದರೆ ಅಪಾಯ ಎಂದು ಮೊದಲೇ ಹೇಳಲಾಗದು, ಹಾಗಾಗಿ ಸುರಕ್ಷಿತ ಅಳತೆ ಸೊನ್ನೆ. ವಿಜಯಪುರದ ದ್ರಾಕ್ಷಿ ತೋಟದವರೂ, ಹಬ್ಬದ ದಿನ ಪಾಯಸದ ಪಾತ್ರೆಯನ್ನು ನಾಯಿಗೆ ನೆಕ್ಕಲು ಕೊಡುವವರೂ ಇದನ್ನು ನೆನಪಿಡಬೇಕು. ಚಾಕೊಲೇಟಿನ ಥಿಯೋಬ್ರೊಮಿನ್ ನಾಯಿಯ ಹೃದಯವನ್ನೂ ನರಗಳನ್ನೂ ಕೆರಳಿಸುತ್ತದೆ. ಕಪ್ಪಗಿದ್ದಷ್ಟೂ ಅಪಾಯ ಹೆಚ್ಚು. ‘ಶುಗರ್ ಫ್ರೀ’ ಚೂಯಿಂಗ್ ಗಮ್‌ಗಳಲ್ಲಿ ಬಳಸುವ ಜೈಲಿಟಾಲ್ ಒಂದು ಗಂಟೆಯೊಳಗೆ ನಾಯಿಯ ರಕ್ತದ ಸಕ್ಕರೆಯನ್ನು ಪಾತಾಳಕ್ಕಿಳಿಸಬಲ್ಲದು. ಬೇಯಿಸಿದ ಮೂಳೆ ಸೀಳಿ ಮೊನಚಾಗಿ ಕರುಳಿಗೆ ಚುಚ್ಚುತ್ತದೆ. ತುಪ್ಪ ತಿಂದರೆ ಕೂದಲು ಉದುರುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಒಮ್ಮೆಲೇ ಹೆಚ್ಚು ಜಿಡ್ಡು ತಿಂದರೆ ಮೇದೋಜೀರಕದ ಉರಿಯೂತ ಬರುತ್ತದೆ ಎಂಬುದು ನಿಜ. ಹಾಗೆಯೇ ಜ್ವರ ಬಂದ ನಾಯಿಗೆ ಮನೆಯಲ್ಲಿದ್ದ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡುವುದು ಬಹಳ ಕಡೆ ನಡೆಯುತ್ತದೆ. ಯಕೃತ್ತು, ಜಠರ, ಮೂತ್ರಪಿಂಡ ಎಲ್ಲಕ್ಕೂ ಅದು ಕೇಡು.

ಇನ್ನೊಂದು ಅಪಾಯ ಜಾತ್ರೆಯದು. ಕುರಿ ಕಡಿದಾಗ ಈಲಿಯಲ್ಲೋ ಪುಪ್ಪುಸದಲ್ಲೋ ನೀರುಗುಳ್ಳೆ ಕಂಡರೆ ‘ಇದು ಬೇಡ’ ಎಂದು ನಾಯಿಗೆ ಎಸೆಯುವುದು ರೂಢಿ. ಆ ಗುಳ್ಳೆಯಲ್ಲಿರುವುದು ಒಂದು ಲಾಡಿಹುಳುವಿನ ಮರಿಗಳು. ನಾಯಿಯ ಕರುಳಲ್ಲಿ ಅವು ಬೆಳೆದು, ಮೊಟ್ಟೆಗಳು ಮಲದಲ್ಲಿ ಹೊರಬೀಳುತ್ತವೆ. ಹುಲ್ಲಿನ ಮೂಲಕ ಮತ್ತೆ ಕುರಿಗೆ, ಕೈ ಮತ್ತು ಸೊಪ್ಪಿನ ಮೂಲಕ ಮನುಷ್ಯರಿಗೆ ಸೇರುತ್ತವೆ. ನಮ್ಮ ಯಕೃತ್ತಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆಯುವ ಹೈಡಾಟಿಡ್ ಗಡ್ಡೆ ಅದೇ. ಗುಳ್ಳೆಯಿರುವ ಅಂಗವನ್ನು ಆಳವಾಗಿ ಹೂಳಿ ಇಲ್ಲವೇ ಸುಡಿ. ಕುರಿ ಮಂದೆಯ ನಾಯಿಗೆ ಲಾಡಿಹುಳುವಿನ ಔಷಧ ತಪ್ಪಿಸಬೇಡಿ.

ಮರಿಯ ಮೊದಲ ನಾಲ್ಕು ತಿಂಗಳು

ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರ್ಪಡಿಸಬೇಡಿ. ಬೇಗ ತಂದರೆ ಬೇಗ ಒಗ್ಗುತ್ತದೆ ಎನ್ನುವುದು ಮಾರುವವರ ಮಾತು. ಮೂರು ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು ಸಲ, ಆಮೇಲೆ ಎರಡು ಸಲ ಊಟ. ಜಂತುಹುಳುವಿನ ಔಷಧ ಎರಡನೆಯ ವಾರದಿಂದಲೇ ಶುರುವಾಗಬೇಕು, ಏಕೆಂದರೆ ದುಂಡುಹುಳು ಗರ್ಭದಲ್ಲೇ, ಕೊಕ್ಕೆಹುಳು ತಾಯಿಹಾಲಿನಲ್ಲೇ ಮರಿಗೆ ದಾಟುತ್ತವೆ. ಎರಡು ವಾರಕ್ಕೊಮ್ಮೆ ಎಂಟನೆಯ ವಾರದವರೆಗೆ, ತಿಂಗಳಿಗೊಮ್ಮೆ ಆರು ತಿಂಗಳವರೆಗೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೊಡಿ. ಹೊಟ್ಟೆ ಉಬ್ಬಿದ ಮರಿಯನ್ನು ‘ಚೆನ್ನಾಗಿ ಉಂಡಿದೆ’ ಎಂದು ಸಂತೋಷಪಡಬೇಡಿ.

ಲಸಿಕೆ ಏಕೆ ಮತ್ತೆ ಮತ್ತೆ ಹಾಕಿಸಬೇಕು ಎಂದು ಕೇಳುತ್ತಾರೆ. ತಾಯಿಯ ಗಿಣ್ಣುಹಾಲಿನಿಂದ ಬಂದ ರಕ್ಷಣೆ ಮರಿಯನ್ನು ಕೆಲವು ವಾರ ಕಾಯುತ್ತದೆ. ಅದೇ ರಕ್ಷಣೆ ನಾವು ಹಾಕಿದ ಲಸಿಕೆಯನ್ನೂ ನಿಷ್ಫಲ ಮಾಡುತ್ತದೆ. ಅದು ಯಾವ ಮರಿಯಲ್ಲಿ ಯಾವಾಗ ಇಳಿಯುತ್ತದೆಂದು ಹೊರಗಿನಿಂದ ತಿಳಿಯದು. ಹಾಗಾಗಿ ಆರೆಂಟು ವಾರಕ್ಕೆ ಆರಂಭಿಸಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರನೆಯ ವಾರದವರೆಗೆ ಹಾಕಬೇಕು. ಒಂದೇ ಚುಚ್ಚುಮದ್ದು ಹಾಕಿಸಿ ನಿಲ್ಲಿಸಿದವರ ಮರಿಗಳೇ ಪಾರ್ವೋಗೆ ಸಿಕ್ಕಿಬೀಳುತ್ತವೆ. 1978ರ ಸುಮಾರಿಗೆ ಜಗತ್ತಿಗೆಲ್ಲ ಹರಡಿದ ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಒಂದು ಮರಿ ರಕ್ತಭೇದಿಯಿಂದ ಸತ್ತ ಮನೆಗೆ ಮರುವಾರವೇ ಇನ್ನೊಂದನ್ನು ತಂದರೆ ಅದಕ್ಕೂ ಅದೇ ಗತಿ. ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಅಂಗಡಿಯಲ್ಲಿ ಕೊಂಡು ಜೇಬಿನಲ್ಲಿಟ್ಟು ತಂದ ಲಸಿಕೆ ಬರೀ ನೀರು.

ಮೂರು ತಿಂಗಳಿಗೆ ರೇಬೀಸ್ ಲಸಿಕೆ, ವೈದ್ಯರು ಹೇಳಿದಂತೆ ಬೂಸ್ಟರ್, ಆಮೇಲೆ ಪ್ರತಿವರ್ಷ. ಇದರಲ್ಲಿ ರಿಯಾಯಿತಿ ಇಲ್ಲ. ಮನುಷ್ಯರಿಗೆ ಬರುವ ರೇಬೀಸಿನ ಬಹುಪಾಲು, ಶೇ. 99ರವರೆಗೆ, ನಾಯಿಯಿಂದಲೇ, ರೋಗಲಕ್ಷಣ ಕಂಡ ಮೇಲೆ ಉಳಿದವರು ಇಲ್ಲವೆನ್ನುವಷ್ಟು ಕಡಿಮೆ. ಯಾವುದೇ ನಾಯಿ ಕಚ್ಚಿದರೂ ಗಾಯವನ್ನು ಹರಿಯುವ ನೀರಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಸುಣ್ಣ, ಖಾರದಪುಡಿ ಹಚ್ಚಬೇಡಿ.

ಉಣ್ಣೆ, ಮಳೆ, ಬಿಸಿಲು

ನಮ್ಮ ಹವೆಯಲ್ಲಿ ಸಾಕುನಾಯಿಯನ್ನು ವರ್ಷವಿಡೀ ಕಾಡುವುದು ಉಣ್ಣೆ. ಕೆಲವು ಕಡೆ ಉಣುಗು ಎನ್ನುತ್ತಾರೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ನಾಯಿಯಿಂದ ಕಳಚಿ, ಗೋಡೆಯ ಸಂದಿಗೆ ಹೋಗಿ ಸಾವಿರಾರು ಮೊಟ್ಟೆ ಇಡುತ್ತದೆ. ಮೈಮೇಲೆ ಕಾಣುವುದಕ್ಕಿಂತ ಮನೆಯ ಬಿರುಕುಗಳಲ್ಲಿ ಅಡಗಿರುವುದೇ ಹೆಚ್ಚು. ನಾಯಿಗೆ ಮಾತ್ರ ಔಷಧ ಹಾಕಿ ಗೂಡನ್ನು, ಗೋಡೆಯನ್ನು ಬಿಟ್ಟರೆ ಪ್ರಯೋಜನವಿಲ್ಲ. ಉಣ್ಣೆ ತರುವ ಎರ್ಲಿಕಿಯಾ, ಬಬೇಸಿಯಾ ರೋಗಗಳಲ್ಲಿ ನಾಯಿ ಊಟ ಬಿಡುತ್ತದೆ, ಜ್ವರ ಬರುತ್ತದೆ, ವಸಡು ಬಿಳಿಚುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಸುರಿಯುತ್ತದೆ. ಎರ್ಲಿಕಿಯಾಗೆ ಸಾಮಾನ್ಯವಾಗಿ 28 ದಿನದ ಮಾತ್ರೆ ಕೊಡುತ್ತೇವೆ. ನಾಲ್ಕನೆಯ ದಿನ ನಾಯಿ ತಟ್ಟೆ ನೆಕ್ಕಿದ ಕೂಡಲೇ ಬಹಳ ಮಂದಿ ಮಾತ್ರೆ ನಿಲ್ಲಿಸುತ್ತಾರೆ. ರೋಗ ಅಡಗಿ ಕುಳಿತು ತಿಂಗಳುಗಳ ಮೇಲೆ ಮತ್ತಷ್ಟು ಜೋರಾಗಿ ಬರುತ್ತದೆ. ಉಣ್ಣೆ ಬಿಡಿಸಲು ಸೀಮೆಎಣ್ಣೆ, ಪೆಟ್ರೋಲ್ ಹಚ್ಚುವುದು, ದನಕ್ಕೆ ಬಳಸುವ ಔಷಧವನ್ನು ಅಂದಾಜಿನಲ್ಲಿ ಕಲಸಿ ನಾಯಿಗೆ ಮೆತ್ತುವುದು ಉಣ್ಣೆಯ ಜೊತೆ ನಾಯಿಯನ್ನೂ ಕೊಲ್ಲಬಲ್ಲವು.

ಮಳೆಗಾಲದಲ್ಲಿ ನಿಂತ ನೀರಿಗೆ ಇಲಿಯ ಮೂತ್ರ ಸೇರಿ ಲೆಪ್ಟೊಸ್ಪೈರೋಸಿಸ್ ಬರುತ್ತದೆ, ಅದಕ್ಕೂ ಲಸಿಕೆಯಿದೆ. ಬೇಸಿಗೆಯ ವಿಷಯ ಬೇರೆ. ನಾಯಿ ಬೆವರುವುದು ಹೆಚ್ಚಾಗಿ ಅಂಗಾಲಿನಲ್ಲಿ ಮಾತ್ರ, ಮೈ ತಂಪು ಮಾಡಿಕೊಳ್ಳುವುದು ತೇಕುವುದರಿಂದ. ಅದರ ಸಹಜ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 106 ದಾಟಿದರೆ ಅಂಗಾಂಗಗಳು ಸೋಲುತ್ತವೆ. ಮೂಗು ಚಪ್ಪಟೆಯಾದ ಪಗ್‌ಗೆ ಸರಿಯಾಗಿ ತೇಕಲೂ ಆಗದು. 2003ರ ಮೊಬೈಲ್ ಜಾಹೀರಾತೊಂದು ಆ ನಾಯಿಯನ್ನು ಮನೆಮನೆಗೆ ತಂದಿತು. ಸೈಬೀರಿಯಾದ ಚಳಿಗೆ ಹುಟ್ಟಿದ ಹಸ್ಕಿಯನ್ನು ಕಲಬುರಗಿಯ ಮೇ ತಿಂಗಳಲ್ಲಿ ಸಾಕುವುದು ಪ್ರೀತಿಯಲ್ಲ. ತಳಿಯನ್ನು ಆರಿಸುವಾಗಲೇ ಆರೈಕೆ ಆರಂಭವಾಗುತ್ತದೆ. ನಮ್ಮ ನಾಡನಾಯಿ, ಮುಧೋಳ ನಾಯಿ ಈ ಬಿಸಿಲಿಗೇ ಹುಟ್ಟಿದವು. ಬಿಸಿಲಿಗೆ ಕುಸಿದ ನಾಯಿಯನ್ನು ಮೊದಲು ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಹಾಕಿ; ಆಮೇಲೆ ಆಸ್ಪತ್ರೆಗೆ ಒಯ್ಯಿರಿ.

ಮುಟ್ಟಿ ನೋಡುವ ಕೈ

ನಾಯಿ ನೋವನ್ನು ಮುಚ್ಚಿಡುವ ಪ್ರಾಣಿ. ಆದ್ದರಿಂದ ದಿನಕ್ಕೆ ಐದು ನಿಮಿಷ ಅದರ ಮೈ ಮುಟ್ಟಿ ನೋಡಿ. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಬೆರಳಿಗೆ ಸಿಗಬೇಕು. ಒತ್ತಿ ಹುಡುಕಬೇಕಾದರೆ ನಾಯಿ ಕೊಬ್ಬಿದೆ. ತುಟಿ ಎತ್ತಿ ವಸಡು ಒತ್ತಿ ಬಿಡಿ. ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಕಿವಿಯ ಒಳಗೆ, ಬೆರಳುಗಳ ಸಂದಿಯಲ್ಲಿ ಉಣ್ಣೆ ಹುಡುಕಿ. ಮೂಗು ಒದ್ದೆಯಿದ್ದರೆ ಆರೋಗ್ಯ ಎಂಬುದನ್ನು ನಂಬಬೇಡಿ. ಜ್ವರ ನೋಡಲು ಗುದದ್ವಾರದಲ್ಲಿ ಇಡುವ ಥರ್ಮಾಮೀಟರೇ ಬೇಕು. ಮೂರು ವರ್ಷ ತುಂಬುವಷ್ಟರಲ್ಲಿ ಹೆಚ್ಚಿನ ನಾಯಿಗಳಿಗೆ ವಸಡಿನ ರೋಗ ಶುರುವಾಗಿರುತ್ತದೆ. ನಾಯಿಗೆಂದೇ ಮಾಡಿದ ಪೇಸ್ಟಿನಿಂದ ಹಲ್ಲುಜ್ಜಿ, ನಮ್ಮ ಪೇಸ್ಟ್ ಬೇಡ. ಮರಿ ಬೇಡವೆಂದಾದರೆ ಹೆಣ್ಣುನಾಯಿಗೆ ಸಂತಾನಹರಣ ಚಿಕಿತ್ಸೆ ಮಾಡಿಸಿ. ಮಾಡಿಸದ ನಾಯಿ ಬೆದೆ ಮುಗಿದ ಕೆಲವು ವಾರದಲ್ಲಿ ವಿಪರೀತ ನೀರು ಕುಡಿಯತೊಡಗಿದರೆ, ಊಟ ಬಿಟ್ಟರೆ, ಗರ್ಭಕೋಶದಲ್ಲಿ ಕೀವು ತುಂಬಿರಬಹುದು. ಅದು ತಡಮಾಡುವ ಕಾಯಿಲೆಯಲ್ಲ.

ಬೀದಿಯ ನಾಯಿ

ಕೊನೆಯದಾಗಿ ಯಜಮಾನರಿಲ್ಲದ ನಾಯಿಗಳ ಮಾತು. ಅವಕ್ಕೆ ಅನ್ನ ಹಾಕುವುದು ಪುಣ್ಯವೋ ಉಪದ್ರವವೋ ಎಂದು ಪ್ರತಿ ಬಡಾವಣೆಯಲ್ಲೂ ಜಗಳವಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಊಟ ಹಾಕಲು ಗೊತ್ತಾದ ಜಾಗ ಇರಬೇಕೆಂದೂ, ಅದು ಮಕ್ಕಳು ಆಡುವ ಜಾಗ, ಮೆಟ್ಟಿಲು, ಕಟ್ಟಡದ ಬಾಗಿಲಿನಿಂದ ದೂರವಿರಬೇಕೆಂದೂ ಹೇಳುತ್ತವೆ. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಗೊತ್ತುಪಡಿಸಿದ ಜಾಗದಲ್ಲೇ ಊಟ ಹಾಕಬೇಕೆಂದಿತು. ವೈದ್ಯನಾಗಿ ನನ್ನ ನಿಲುವು ಸ್ಪಷ್ಟ: ಅನ್ನ ಹಾಕುವ ಕೈ ಆ ನಾಯಿಯ ಲಸಿಕೆಗೂ ಸಂತಾನಹರಣಕ್ಕೂ ಹೊಣೆ ಹೊರಬೇಕು. ದಿನವೂ ಅನ್ನ ಹಾಕುವವರ ಬಳಿಗೆ ಮಾತ್ರ ಬೀದಿನಾಯಿ ಹತ್ತಿರ ಬರುತ್ತದೆ, ಅವರೇ ಹಿಡಿದುಕೊಟ್ಟರೆ ಲಸಿಕೆ ಹಾಕುವುದು ಸುಲಭ. ಊರಿನ ನಾಯಿಗಳಲ್ಲಿ ಶೇ. 70ರಷ್ಟಕ್ಕೆ ಲಸಿಕೆಯಾದರೆ ರೇಬೀಸ್ ಹರಡುವ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅನ್ನವನ್ನಷ್ಟೇ ಹಾಕಿ ಕೈತೊಳೆದುಕೊಂಡರೆ ಮುಂದಿನ ವರ್ಷ ಅದೇ ಬೀದಿಯಲ್ಲಿ ಇನ್ನಷ್ಟು ಮರಿಗಳು, ಇನ್ನಷ್ಟು ಹಸಿವು.

ಮಾನ್ಯರೇ, ನಿಮ್ಮಲ್ಲಿ ನನ್ನ ಕೋರಿಕೆ ಮೂರು. ಈ ವಾರ ನಿಮ್ಮ ನಾಯಿಯನ್ನು ತೂಗಿ, ಅದರ ತಟ್ಟೆಗೆ ಒಂದು ಅಳತೆ ಬಟ್ಟಲು ಗೊತ್ತುಮಾಡಿ. ಲಸಿಕೆ ಕಾರ್ಡ್ ತೆಗೆದು ಕೊನೆಯ ದಿನಾಂಕ ನೋಡಿ. ವರ್ಷ ದಾಟಿದ್ದರೆ ನಾಳೆಯೇ ಪಶು ಆಸ್ಪತ್ರೆಗೆ ಹೋಗಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದಂದು ನಿಮ್ಮ ಊರಿನಲ್ಲಿ ಲಸಿಕಾ ಶಿಬಿರ ನಡೆಸುವಂತೆ ಪಂಚಾಯಿತಿಯನ್ನೋ ಪುರಸಭೆಯನ್ನೋ ಕೇಳಿ, ಆ ದಿನ ನಿಮ್ಮ ನಾಯಿಯ ಜೊತೆಗೆ ನಿಮ್ಮ ಬೀದಿಯ ಒಂದು ನಾಯಿಯನ್ನೂ ಕರೆದುಕೊಂಡು ಬನ್ನಿ.